ಅರವತ್ತು ಕಾರ್ಡುಗಳಲ್ಲಿ ಒಬ್ಬಳೇ ಚಂದ್ರಾ

ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡಿನ ಆಟ ಆಡುವವರಲ್ಲಿ ಕೆಲವರು ಗೆಲ್ಲುವುದಕ್ಕೆ ಬೇಕಾದ ಕಾರ್ಡನ್ನು ಹುಡುಕಿ ತರುತ್ತಾರೆ, ಅದರ ಕಾಲ ಮುಗಿದ ಮೇಲೆ ಯಾವ ಮಮಕಾರವೂ ಇಲ್ಲದೆ ಮಾರಿಬಿಡುತ್ತಾರೆ. ಇನ್ನು ಕೆಲವರು ಯಾವುದೋ ಒಂದು ಪಾತ್ರಕ್ಕೆ ಮನಸೋತು, ಅದರ ಹೆಸರು ಎಲ್ಲೆಲ್ಲಿ ಅಚ್ಚಾಗಿದೆಯೋ ಆ ಕಾರ್ಡುಗಳನ್ನೆಲ್ಲ ಕೂಡಿಸಿಕೊಂಡು, ಅವುಗಳಿಂದಲೇ ಗೆಲ್ಲಬೇಕೆಂದು ಹಟ ಹಿಡಿಯುತ್ತಾರೆ. ನಾನು ಈ ಎರಡನೆಯ ಗುಂಪಿನವನು. ನನ್ನ ಪಾತ್ರ ಚಂದ್ರಾ ನಲಾರ್ ಎಂಬ ಬೆಂಕಿಯ ಮಾಂತ್ರಿಕೆ. ಕೂಡಿಸುವವನಿಗೆ ಅವಳ ಎಲ್ಲ ಕಾರ್ಡುಗಳೂ ಬೇಕು. ಆಡುವವನಿಗೆ ಒಳ್ಳೆಯವು ಮಾತ್ರ ಸಾಕು. ಒಬ್ಬನೇ ಮನುಷ್ಯನೊಳಗೆ ಈ ಇಬ್ಬರೂ ಇರುವಾಗ ನಡೆಯುವ ತಿಕ್ಕಾಟದ ಬಗ್ಗೆ, ಮತ್ತು ಆ ತಿಕ್ಕಾಟದ ನಡುವೆಯೇ ಒಂದು ಪಾತ್ರ ನಮಗೆ ಹತ್ತಿರವಾಗುವ ವಿಚಿತ್ರ ರೀತಿಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟವನ್ನು ವಿಝಾರ್ಡ್ಸ್ ಆಫ್ ದ ಕೋಸ್ಟ್ ಕಂಪನಿ 1993ರಲ್ಲಿ ಹೊರತಂದಿತು. ಇಬ್ಬರು ಎದುರುಬದುರು ಕೂತು, ತಾವೇ ಜೋಡಿಸಿಕೊಂಡ ಕನಿಷ್ಠ 60 ಕಾರ್ಡುಗಳ ಡೆಕ್ ಹಿಡಿದು, ತಲಾ 20 ಪ್ರಾಣಾಂಕಗಳೊಂದಿಗೆ ಆಟ ಶುರು ಮಾಡುತ್ತಾರೆ. ಲ್ಯಾಂಡ್ ಕಾರ್ಡುಗಳಿಂದ ಮಾನಾ ಎಂಬ ಶಕ್ತಿ ಹುಟ್ಟುತ್ತದೆ, ಆ ಮಾನಾ ತೆತ್ತು ಉಳಿದ ಕಾರ್ಡುಗಳನ್ನು ಕಣಕ್ಕಿಳಿಸಬೇಕು. ಐದು ಬಣ್ಣಗಳಿವೆ, ಪ್ರತಿ ಬಣ್ಣಕ್ಕೂ ಒಂದು ಸ್ವಭಾವವಿದೆ. ಕೆಂಪು ಎಂದರೆ ಬೆಂಕಿ, ಸಿಡುಕು, ಆತುರ. 2007ರ ಅಕ್ಟೋಬರಿನಲ್ಲಿ ಬಂದ ಲೋರ್ವಿನ್ ಎಂಬ ಸೆಟ್ಟಿನಲ್ಲಿ (ಒಟ್ಟಿಗೆ ಹೊರಬರುವ ಹೊಸ ಕಾರ್ಡುಗಳ ಕಂತಿಗೆ ಸೆಟ್ಟು ಎನ್ನುತ್ತಾರೆ) ಪ್ಲೇನ್ಸ್‌ವಾಕರ್ (ಲೋಕದಿಂದ ಲೋಕಕ್ಕೆ ಸಾಗಬಲ್ಲ ಮಾಂತ್ರಿಕರು) ಎಂಬ ಹೊಸ ಬಗೆಯ ಕಾರ್ಡುಗಳು ಮೊದಲ ಬಾರಿಗೆ ಕಾಣಿಸಿಕೊಂಡವು. ಬಣ್ಣಕ್ಕೊಬ್ಬರಂತೆ ಐವರಿದ್ದರು: ಅಜಾನಿ, ಜೇಸ್, ಲಿಲಿಯಾನಾ, ಗ್ಯಾರುಕ್ ಮತ್ತು ಕೆಂಪು ಬಣ್ಣದ ಪಾಲಿಗೆ ಚಂದ್ರಾ.

ಪ್ಲೇನ್ಸ್‌ವಾಕರ್ ಕಾರ್ಡನ್ನು ಕಣಕ್ಕಿಳಿಸುವುದೆಂದರೆ ಚಂದ್ರಾಳಂಥ ಜೊತೆಗಾತಿಯೊಬ್ಬಳನ್ನು ಸಹಾಯಕ್ಕೆ ಕರೆಸಿಕೊಂಡಂತೆ. ಕಾರ್ಡಿನ ಕೆಳಮೂಲೆಯಲ್ಲಿ ಒಂದು ಸಂಖ್ಯೆ ಇರುತ್ತದೆ, ಅದಕ್ಕೆ ಲಾಯಲ್ಟಿ ಎಂದು ಹೆಸರು. ನಮ್ಮ ಪ್ರತಿ ಸರದಿಯಲ್ಲಿ ಅವಳಿಂದ ಒಂದು ಕೆಲಸ ಮಾಡಿಸಬಹುದು. ಸಣ್ಣ ಕೆಲಸಕ್ಕೆ ಆ ಸಂಖ್ಯೆ ಏರುತ್ತದೆ, ದೊಡ್ಡ ಕೆಲಸಕ್ಕೆ ಇಳಿಯುತ್ತದೆ, ಸೊನ್ನೆ ಮುಟ್ಟಿದರೆ ಅವಳು ಹೊರಟುಹೋಗುತ್ತಾಳೆ. ಎದುರಾಳಿಯ ಪಡೆ ನಮ್ಮನ್ನು ಬಿಟ್ಟು ಅವಳ ಮೇಲೆ ಎರಗಬಹುದು. ಅವಳಿಗೆ ಬಿದ್ದ ಏಟು ನಮಗೆ ಬೀಳದ ಏಟು. ಆಕೆಯನ್ನು ಕಾಯುವುದೋ, ಬಲಿ ಕೊಡುವುದೋ ಎಂಬ ಪ್ರಶ್ನೆ ಪ್ರತಿ ಸರದಿಯಲ್ಲೂ ಎದುರಾಗುವುದರಿಂದಲೇ ಈ ಕಾರ್ಡುಗಳ ಮೇಲೆ ಬೇರೆ ಕಾರ್ಡುಗಳ ಮೇಲೆ ಹುಟ್ಟದಂಥ ಒಂದು ಬಗೆಯ ಸಲುಗೆ ಹುಟ್ಟುತ್ತದೆ.

ಅಲೆಕ್ಸಿ ಬ್ರಿಕ್ಲೋ ಚಿತ್ರಿಸಿದ ಆ ಮೊದಲ ಚಂದ್ರಾಳಿಗೆ ಐದು ಮಾನಾ ತೆರಬೇಕಿತ್ತು, ಲಾಯಲ್ಟಿ ಆರು. ಮೊದಲ ಎರಡು ಸರದಿಗಳಲ್ಲಿ ಎದುರಾಳಿಗೆ ಒಂದೊಂದು ಅಂಕ ಸುಟ್ಟು ಎಂಟಕ್ಕೆ ಏರಿದರೆ, ಮೂರನೆಯ ಸರದಿಯಲ್ಲಿ ಆ ಎಂಟನ್ನೂ ತೆತ್ತು ಎದುರಾಳಿಗೂ ಅವನ ಪಡೆಯ ಪ್ರತಿಯೊಂದು ಜೀವಿಗೂ ಹತ್ತು ಹತ್ತು ಅಂಕಗಳ ಏಟು ಕೊಡಬಹುದು. ಕೇಳಲು ಭರ್ಜರಿಯಾಗಿದೆ. ಆದರೆ ಐದು ಮಾನಾ ತೆತ್ತು ಇಳಿಸಿದ ಮೇಲೆ ಅವಳನ್ನು ಇನ್ನೂ ಎರಡು ಸುತ್ತು ಕಾಪಾಡಿಕೊಳ್ಳಬೇಕು, ಅಷ್ಟರಲ್ಲಿ ಎದುರಿನವನು ಸುಮ್ಮನೆ ಕೂತಿರುವುದಿಲ್ಲ. 2009ರ ಝೆಂಡಿಕಾರ್ ಸೆಟ್ಟಿನ ಚಂದ್ರಾ ಅಬ್ಲೇಜ್ ಆರು ಮಾನಾದ ಇನ್ನೂ ಒಡ್ಡೊಡ್ಡಾದ ಕಾರ್ಡು. 2011ರ ಚಂದ್ರಾ ಫೈರ್‌ಬ್ರಾಂಡ್ ಮಾನಾದ ಲೆಕ್ಕದಲ್ಲಿ ಅಗ್ಗವಾಗಿತ್ತು, ಆದರೆ ಮೂರೇ ಲಾಯಲ್ಟಿಯಿಂದ ಬರುತ್ತಿದ್ದುದರಿಂದ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ನೀಲಿ ಬಣ್ಣದ ಜೇಸ್‌ನ ಕಾರ್ಡುಗಳು ಅದೇ ಕಾಲದಲ್ಲಿ ಪಂದ್ಯಾವಳಿಗಳನ್ನು ಆಳುತ್ತಿದ್ದರೆ, ಚಂದ್ರಾಳನ್ನು ಕಂಡು ಮೂಗು ಮುರಿಯುವವರೇ ಹೆಚ್ಚಾಗಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ನಮ್ಮಂಥವರನ್ನು ನೋಡಿಯೇ ಹುಟ್ಟಿರಬೇಕು.

ದುರ್ಬಲ ಪಾತ್ರವನ್ನು ಇಷ್ಟಪಡುವುದರಲ್ಲಿ ಒಂದು ಲಾಭವೂ ಇದೆ. ಬಿಡಿ ಕಾರ್ಡಿನ ಬೆಲೆಯನ್ನು ಹೆಚ್ಚಾಗಿ ನಿರ್ಧರಿಸುವವರು ಪಂದ್ಯ ಗೆಲ್ಲಲು ಹೊರಟವರೇ ಹೊರತು ಪ್ರೀತಿಸುವವರಲ್ಲ. ಪಂದ್ಯಕ್ಕೆ ಬೇಡವಾದ ಚಂದ್ರಾಗಳು ಅಗ್ಗವಾಗಿ ಸಿಗುತ್ತವೆ, ಜೇಸ್‌ನ ಭಕ್ತರಿಗೆ ಆ ಭಾಗ್ಯವಿಲ್ಲ.

ನನ್ನ ಮಟ್ಟಿಗೆ ಚಂದ್ರಾ ನಿಜವಾಗಿ ಚಂದ್ರಾ ಆದದ್ದು 2013ರ ಜುಲೈನಲ್ಲಿ, ಪೈರೋಮಾಸ್ಟರ್ ಎಂಬ ನಾಲ್ಕು ಮಾನಾದ ಕಾರ್ಡಿನಲ್ಲಿ. ಅದರ ಎರಡನೆಯ ಸಾಮರ್ಥ್ಯ ಹೀಗಿದೆ: ಡೆಕ್ಕಿನ ಮೇಲಿನ ಕಾರ್ಡನ್ನು ಬದಿಗೆ ತೆಗೆದಿಡಿ; ಈ ಸರದಿಯಲ್ಲಿ ಅದನ್ನು ಆಡಬಹುದು. ಆಡದಿದ್ದರೆ ಅದು ಮತ್ತೆ ಸಿಗುವುದಿಲ್ಲ. ನೀಲಿ ಬಣ್ಣದ ಮಾಂತ್ರಿಕರು ಕಾರ್ಡು ಎಳೆದುಕೊಂಡರೆ ಅದನ್ನು ಕೈಯಲ್ಲಿಟ್ಟುಕೊಂಡು, ಸಮಯ ನೋಡಿ ಬಳಸುತ್ತಾರೆ. ಚಂದ್ರಾ ಕೊಡುವ ಕಾರ್ಡು ಹಾಗೆ ಕೂಡಿಡಲು ಬರುವುದಿಲ್ಲ. ಈಗ ಬಳಸು, ಇಲ್ಲವೇ ಬಿಡು. ಮುಂದಾಲೋಚನೆ ಇಲ್ಲದ, ಸಿಕ್ಕಿದ್ದನ್ನು ಸಿಕ್ಕ ಕ್ಷಣದಲ್ಲೇ ಸುಟ್ಟು ಮುಂದೆ ಹೋಗುವ ಹೆಣ್ಣುಮಗಳೊಬ್ಬಳ ಸ್ವಭಾವವನ್ನು ಕಥೆಯ ಹತ್ತು ಪುಟಗಳು ಹೇಳುವುದಕ್ಕಿಂತ ಚೆನ್ನಾಗಿ ಆ ಒಂದು ಸಾಲಿನ ನಿಯಮ ಹೇಳಿಬಿಡುತ್ತದೆ, ಯಾಕೆಂದರೆ ಆ ಸಾಲನ್ನು ನಾವು ಓದಿ ಸುಮ್ಮನಾಗುವಂತಿಲ್ಲ, ಅದರಂತೆ ನಡೆಯಬೇಕು. ಬಹಳ ಲೆಕ್ಕಾಚಾರದ ಆಟಗಾರನೂ ಚಂದ್ರಾಳನ್ನು ಇಳಿಸಿದ ಮೇಲೆ ಸ್ವಲ್ಪ ದುಡುಕಲೇಬೇಕಾಗುತ್ತದೆ.

ಅದೇ ತಿಂಗಳು ಒಂದು ನಿಯಮವೂ ಬದಲಾಯಿತು. ಅಲ್ಲಿಯವರೆಗೆ ಇಡೀ ಕಣದಲ್ಲಿ ಒಬ್ಬಳೇ ಚಂದ್ರಾ ಇರಬಹುದಿತ್ತು; ನನ್ನ ಚಂದ್ರಾ ಇರುವಾಗ ಎದುರಾಳಿ ತನ್ನ ಚಂದ್ರಾಳನ್ನು ಇಳಿಸಿದರೆ ಇಬ್ಬರೂ ಒಟ್ಟಿಗೆ ಇಲ್ಲವಾಗುತ್ತಿದ್ದರು. 2013ರಿಂದ ಆಟಗಾರನೊಬ್ಬನಿಗೆ ಒಬ್ಬಳು ಎಂದಾಯಿತು. ಆದರೂ ಒಂದೇ ಪಾತ್ರದ ಬೇರೆ ಬೇರೆ ಕಾರ್ಡುಗಳನ್ನು ಕೂಡಿಸಿದವನಿಗೆ ಅದರಿಂದ ಹೆಚ್ಚು ಉಪಯೋಗವಾಗಲಿಲ್ಲ. ಪೈರೋಮಾಸ್ಟರ್ ಕಣದಲ್ಲಿರುವಾಗ ಫೈರ್‌ಬ್ರಾಂಡ್ ಕೈಗೆ ಬಂದರೆ, ಎರಡರಲ್ಲಿ ಒಂದನ್ನು ಬಿಟ್ಟುಕೊಡಲೇಬೇಕಿತ್ತು. ಅವಳ ಹೆಸರಿನ ಡೆಕ್ ಕಟ್ಟುವುದೆಂದರೆ ಅರ್ಧ ಡೆಕ್ಕು ಇನ್ನರ್ಧದ ಕಾಲೆಳೆಯುವುದನ್ನು ಕೂತು ನೋಡುವುದೇ ಆಗಿತ್ತು. 2017ರ ಸೆಪ್ಟೆಂಬರಿನಲ್ಲಿ ಇಕ್ಸಲಾನ್ ಸೆಟ್ಟಿನೊಂದಿಗೆ ಆ ಕಟ್ಟೂ ಸಡಿಲವಾಯಿತು: ಪೂರ್ತಿ ಹೆಸರು ಬೇರೆಯಾಗಿದ್ದರೆ ಸಾಕು, ಒಂದೇ ಪಾತ್ರದ ಎಷ್ಟು ಕಾರ್ಡುಗಳಾದರೂ ಒಟ್ಟಿಗೆ ಇರಬಹುದು. ಕಥೆಯ ತರ್ಕಕ್ಕೆ ಇದು ಕೂಡುವುದಿಲ್ಲ ಎಂದು ಗೊಣಗಿದವರಿದ್ದಾರೆ. ಒಬ್ಬಳೇ ಮನುಷ್ಯಳು ಮೂರು ಕಡೆ ನಿಂತು ಬೆಂಕಿ ಎರಚುವುದು ಹೇಗೆ ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ನನಗೆ ಮಾತ್ರ ಆ ತರ್ಕಕ್ಕಿಂತ ಡೆಕ್ ಮುಖ್ಯವಾಗಿತ್ತು.

ಈ ನಡುವೆ ಅವಳಿಗೊಂದು ಊರು ಸಿಕ್ಕಿತ್ತು. 2007ರ ಚಿತ್ರದಲ್ಲಿ ಕೆಂಪು ಕೂದಲ, ಕನ್ನಡಕ ತಲೆಗೇರಿಸಿದ ಹುಡುಗಿಯನ್ನು ನೋಡಿ ಭಾರತವನ್ನು ನೆನೆಸಿಕೊಳ್ಳಲು ಏನೂ ಇರಲಿಲ್ಲ. 2015ರ ಮ್ಯಾಜಿಕ್ ಒರಿಜಿನ್ಸ್ ಸೆಟ್ಟು ಅವಳ ಬಾಲ್ಯವನ್ನು ತೋರಿಸಿತು, 2016ರ ಸೆಪ್ಟೆಂಬರಿನಲ್ಲಿ ಕಲಾದೇಶ್ ಎಂಬ ಅವಳ ಲೋಕವೇ ಇಡೀ ಸೆಟ್ಟಾಗಿ ಬಂತು. ಭಾರತದ ಉಡುಪು, ಕಟ್ಟಡ, ಲೋಹದ ಕುಸುರಿಯನ್ನು ಯಂತ್ರಗಳ ಕನಸಿನೊಂದಿಗೆ ಬೆರೆಸಿದ ಲೋಕ ಅದು. ಘಿರಾಪುರ ಎಂಬ ನಗರ, ಸಹೀಲಿ ರಾಯ್, ಪದೀಮ್, ರಶ್ಮಿ ಎಂಬ ಹೆಸರುಗಳು. ನಮ್ಮ ಪಕ್ಕದ ಬೀದಿಯ ರಶ್ಮಿಗೆ ಅಲ್ಲಿ ಉದ್ದನೆಯ ಚೂಪು ಕಿವಿಗಳಿರುವುದನ್ನು ಕಂಡು ನಕ್ಕಿದ್ದುಂಟು. ದೂರದಲ್ಲಿ ಕೂತವರು ನಮ್ಮ ದೇಶದ ಬಣ್ಣಗಳನ್ನಷ್ಟೇ ಆರಿಸಿಕೊಂಡು ಉಳಿದ ಗೋಜಲನ್ನು ಬಿಟ್ಟಿದ್ದಾರೆ ಎನ್ನಿಸಿದ್ದೂ ನಿಜ. ಆದರೆ ಆ ಸೆಟ್ಟಿನ ಪಿಯಾ ನಲಾರ್ ಕಾರ್ಡನ್ನು ಕೈಗೆತ್ತಿಕೊಂಡಾಗ, ಇಂಥ ಆಟದಲ್ಲಿ ನಮ್ಮ ಕಡೆಯ ಒಬ್ಬ ನಡುವಯಸ್ಸಿನ ತಾಯಿಯ ಮುಖ ನಾಯಕಿಯಂತೆ ನಿಂತಿರುವುದನ್ನು ಮೊದಲ ಬಾರಿ ನೋಡುತ್ತಿದ್ದೇನೆ ಎಂಬುದು ಅರಿವಿಗೆ ಬಂದು, ಆ ಆಕ್ಷೇಪವನ್ನು ಸ್ವಲ್ಪ ಹೊತ್ತು ಮರೆತೆ.

ಕಥೆ ಸರಳವಾಗಿದೆ. ಕಿರಣ್ ಮತ್ತು ಪಿಯಾ ನಲಾರ್ ಎಂಬ ಯಂತ್ರಶಿಲ್ಪಿ ದಂಪತಿಗಳ ಮಗಳು ಚಂದ್ರಾ. ಅವಳ ಬೆಂಕಿಯ ಶಕ್ತಿ ಬಯಲಾದಾಗ ಬರಾಲ್ ಎಂಬ ಅಧಿಕಾರಿ ಬೆನ್ನುಹತ್ತುತ್ತಾನೆ, ತಂದೆಯನ್ನು ಕೊಲ್ಲುತ್ತಾನೆ, ಹುಡುಗಿಯನ್ನು ಜನರೆದುರು ವಧಿಸಲು ಹೊರಟಾಗ ಅವಳೊಳಗಿನ ಕಿಡಿ ಹೊತ್ತಿಕೊಂಡು ಬೇರೊಂದು ಲೋಕಕ್ಕೆ ಹಾರಿಬಿಡುತ್ತಾಳೆ. ತಾಯಿಯೂ ಸತ್ತಳೆಂದು ನಂಬಿದ್ದವಳು ವರ್ಷಗಳ ಮೇಲೆ ಊರಿಗೆ ಮರಳಿದಾಗ ತಾಯಿ ಬದುಕಿರುವುದು ತಿಳಿಯುತ್ತದೆ. ಆ ಮರಳುವಿಕೆಯ ಕಾರ್ಡೇ ಮಗಾಲಿ ವಿಲ್ನೂವ್ ಚಿತ್ರಿಸಿದ ಟಾರ್ಚ್ ಆಫ್ ಡಿಫೈಯನ್ಸ್.

ಈ ಕಾರ್ಡನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಾಲ್ಕು ಮಾನಾ, ನಾಲ್ಕು ಲಾಯಲ್ಟಿ, ನಾಲ್ಕು ಸಾಮರ್ಥ್ಯಗಳು. ನಾಲ್ಕನೆಯ ಸರದಿಯಲ್ಲಿ ಅವಳನ್ನು ಇಳಿಸಿದೆ ಎಂದುಕೊಳ್ಳಿ, ಎದುರಿಗೊಂದು ಜೀವಿ ನಿಂತಿದೆ. ಮೂರು ಲಾಯಲ್ಟಿ ತೆತ್ತು ಅದಕ್ಕೆ ನಾಲ್ಕಂಕಗಳ ಏಟು ಕೊಡಬಹುದು, ಆಗ ಅವಳಲ್ಲಿ ಉಳಿಯುವುದು ಒಂದೇ. ಅಥವಾ ಲಾಯಲ್ಟಿಯನ್ನು ಐದಕ್ಕೇರಿಸಿ, ಎರಡು ಕೆಂಪು ಮಾನಾ ಪಡೆದು, ಕೈಯಲ್ಲಿರುವ ಎರಡು ಮಾನಾದ ಬೆಂಕಿಮಂತ್ರದಿಂದ ಆ ಜೀವಿಯನ್ನು ಸುಟ್ಟು, ಅವಳನ್ನು ಗಟ್ಟಿಯಾಗಿ ನಿಲ್ಲಿಸಿಕೊಳ್ಳಬಹುದು. ನಾಲ್ಕು ಮಾನಾ ಇದ್ದ ಸರದಿಯಲ್ಲಿ ಆರು ಮಾನಾದ ಕೆಲಸವಾಯಿತು. ಎದುರಿಗೆ ಯಾರೂ ಇಲ್ಲದಿದ್ದರೆ ಡೆಕ್ಕಿನ ಮೇಲಿನ ಕಾರ್ಡನ್ನು ತಿರುಗಿಸುತ್ತೇನೆ: ಪ್ರಯೋಗಿಸಲು ಬಂದರೆ ಪ್ರಯೋಗ, ಇಲ್ಲದಿದ್ದರೆ ಎದುರಾಳಿಗೆ ಎರಡಂಕಗಳ ಏಟು. ಪೈರೋಮಾಸ್ಟರ್‌ಗೂ ಇವಳಿಗೂ ಇಲ್ಲೊಂದು ಸೂಕ್ಷ್ಮ ವ್ಯತ್ಯಾಸವಿದೆ. ಅವಳು ಲ್ಯಾಂಡ್ ತಿರುಗಿಸಿದರೆ ಅದನ್ನು ಇಳಿಸಿಕೊಳ್ಳಲು ಬಿಡುತ್ತಿದ್ದಳು. ಇವಳು ಬಿಡುವುದಿಲ್ಲ, ಸುಟ್ಟುಬಿಡುತ್ತಾಳೆ. 60ರಲ್ಲಿ 24 ಲ್ಯಾಂಡ್ ಇರುವ ಡೆಕ್ಕಿನಲ್ಲಿ ನೂರಕ್ಕೆ ನಲವತ್ತು ಸಲ ಹೀಗಾಗುತ್ತದೆ. ಲೆಕ್ಕ ಹಾಕಿದರೆ ನಷ್ಟವೆನಿಸುವ ಈ ನಲವತ್ತೇ ಎರಡೆರಡು ಅಂಕಗಳಾಗಿ ಕೂಡುತ್ತಾ ಪಂದ್ಯ ಮುಗಿಸುತ್ತವೆ. ಮೂಗು ಮುರಿದವರೆಲ್ಲ ಈ ಕಾರ್ಡನ್ನು ಹುಡುಕಿಕೊಂಡು ಹೊರಟರು, ಬೆಲೆಯೂ ಅದಕ್ಕೆ ತಕ್ಕಂತೆ ಏರಿತು. ನಮ್ಮ ಹುಡುಗಿ ಗೆದ್ದಳು ಎಂಬ ಹೆಮ್ಮೆಯ ಜೊತೆಗೇ ಕಿಸೆಗೆ ಕತ್ತರಿ ಬಿದ್ದ ದುಃಖವೂ ಸೇರಿತ್ತು.

ಹೀಗಾಗಿ ಕೂಡಿಸುವ ವಿಚಾರಕ್ಕೆ ಬರುತ್ತೇನೆ. ಒಂದೇ ಪಾತ್ರವನ್ನು ಕೂಡಿಸುವವನು ಒಳಗೇನಿದೆಯೆಂದು ತಿಳಿಯದ ಮುಚ್ಚಿದ ಪ್ಯಾಕ್ ಒಡೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಲಾದೇಶ್‌ನಲ್ಲಿ ಮಿಥಿಕ್ ಎಂಬ ಅತಿ ಅಪರೂಪದ ದರ್ಜೆಯ ಕಾರ್ಡು ಸರಿಸುಮಾರು ಎಂಟು ಪ್ಯಾಕಿಗೊಂದು ಬರುತ್ತಿತ್ತು, ಅಂಥ ಮಿಥಿಕ್‌ಗಳು ಹದಿನೈದಿದ್ದವು; ಅಂದರೆ ಬೇಕಾದ ಆ ಒಂದೇ ಚಂದ್ರಾ ಸಿಗಲು ಸರಾಸರಿ 120 ಪ್ಯಾಕ್ ಒಡೆಯಬೇಕು. ಒಂದು ಪೆಟ್ಟಿಗೆಯಲ್ಲಿರುವುದು 36. ಬಿಡಿ ಕಾರ್ಡು ಎಷ್ಟೇ ದುಬಾರಿಯಾದರೂ ಈ ಲೆಕ್ಕದ ಮುಂದೆ ಅಗ್ಗ. ಹೊರದೇಶದಿಂದ ತರಿಸಿದರೆ ಅಂಚೆ, ಸುಂಕ ಸೇರಿ ಬೆಲೆ ಮತ್ತೆ ಏರುತ್ತದೆ, ಹಾಗಾಗಿ ಬೆಂಗಳೂರಿನ ಆಟಗಾರರ ನಡುವೆ ಕೊಡುಕೊಳ್ಳುವಿಕೆಯೇ ಹೆಚ್ಚು ನಡೆಯುತ್ತದೆ. ಚಂದ್ರಾ ಬೇಕೆನ್ನುವವನು ಯಾರೆಂದು ಎಲ್ಲರಿಗೂ ಗೊತ್ತಾದ ಮೇಲೆ ಬೈಂಡರ್ ತೆರೆಯುವ ಮೊದಲೇ "ನಿಮ್ಮವಳು ಒಬ್ಬಳು ಬಂದಿದ್ದಾಳೆ ನೋಡಿ" ಎಂಬ ಮಾತು ಬರುತ್ತದೆ. ಚೌಕಾಶಿಯಲ್ಲಿ ನಾನು ಸೋಲುವುದು ಅಲ್ಲಿಯೇ ತೀರ್ಮಾನವಾಗಿರುತ್ತದೆ.

ಬೇರೆ ಬೇರೆ ಹೆಸರಿನ ಚಂದ್ರಾ ಪ್ಲೇನ್ಸ್‌ವಾಕರ್‌ಗಳೇ ಇಪ್ಪತ್ತರ ಆಸುಪಾಸಿನಲ್ಲಿವೆ, ಹಲವಕ್ಕೆ ಮರುಮುದ್ರಣಗಳು, ಬೇರೆ ಚಿತ್ರಗಳು, ಫಾಯಿಲ್‌ಗಳು. 2008ರಲ್ಲಿ ಜೇಸ್ ಮತ್ತು ಚಂದ್ರಾರನ್ನು ಎದುರುಬದುರು ನಿಲ್ಲಿಸಿದ ಜೋಡಿ ಡೆಕ್ ಬಂತು. 2013ರಿಂದ ಕೆಲವು ವರ್ಷ ಸ್ಯಾನ್ ಡಿಯೇಗೋ ಕಾಮಿಕ್-ಕಾನ್ ಉತ್ಸವಕ್ಕೆಂದೇ ವಿಶೇಷ ಪ್ಲೇನ್ಸ್‌ವಾಕರ್ ಕಾರ್ಡುಗಳು ಬಂದವು, ಮೊದಲ ವರ್ಷದ ಪೂರ್ತಿ ಕಪ್ಪು ಕಾರ್ಡುಗಳಲ್ಲಿ ಪೈರೋಮಾಸ್ಟರ್ ಕೂಡ ಇದ್ದಳು. 2019ರ ವಾರ್ ಆಫ್ ದ ಸ್ಪಾರ್ಕ್ ಸೆಟ್ಟಿನ ಜಪಾನಿ ಪ್ಯಾಕುಗಳಲ್ಲಿ ಪ್ಲೇನ್ಸ್‌ವಾಕರ್‌ಗಳಿಗೆ ಜಪಾನಿನ ಕಲಾವಿದರು ಬರೆದ ಬೇರೆಯೇ ಚಿತ್ರಗಳಿದ್ದವು. 2020ರಲ್ಲಿ ಅವಳದೇ ಹೆಸರಿನ ಸಿಗ್ನೇಚರ್ ಸ್ಪೆಲ್‌ಬುಕ್ ಎಂಟು ಬಗೆಯ ಕಾರ್ಡುಗಳ ಪುಟ್ಟ ಪೆಟ್ಟಿಗೆಯಾಗಿ ಬಂತು. ಎಲ್ಲವನ್ನೂ ಕೊಳ್ಳಲು ಹೊರಟರೆ ಮನೆ ಮಾರಬೇಕಾದೀತು. ಹೆಸರಿಗೊಂದು ಕಾರ್ಡು, ಅದರಲ್ಲಿ ನನಗೆ ಹಿಡಿಸಿದ ಒಂದು ಚಿತ್ರ, ಅಷ್ಟಕ್ಕೆ ನಿಲ್ಲಿಸಿದ್ದೇನೆ. ಆ ಜಪಾನಿ ಪ್ಯಾಕುಗಳ ಚಂದ್ರಾ, ಅಂದರೆ ಫೈರ್ ಆರ್ಟಿಸನ್, ಒಂದು ಅಪವಾದ. ಅದಕ್ಕೆ ಕಾರಣ ಕೇಳಬಾರದು.

ಫಾಯಿಲ್ ಕಾರ್ಡುಗಳ ಕಾಟ ಬೇರೆಯೇ. ಕಾಗದದ ಮೇಲೆ ಲೋಹದ ಹೊಳಪಿನ ಪದರವಿರುತ್ತದೆ; ತೇವ ಕುಡಿದು ಕಾಗದ ಹಿಗ್ಗುತ್ತದೆ, ಪದರ ಹಿಗ್ಗುವುದಿಲ್ಲ, ಹಾಗಾಗಿ ಕಾರ್ಡು ಬಾಗುತ್ತದೆ. ಜುಲೈನ ಜಿಟಿಜಿಟಿ ಮಳೆಯಲ್ಲಿ ಒಂದು ಕಡೆಗೆ ಬಾಗಿದ ಚಂದ್ರಾ ಮಾರ್ಚಿನ ಒಣಗಾಳಿಗೆ ಇನ್ನೊಂದು ಕಡೆಗೆ ತಿರುಗಿಕೊಳ್ಳುತ್ತಾಳೆ. ಮೇಜಿನ ಮೇಲಿಟ್ಟ ಡೆಕ್ಕಿನಲ್ಲಿ ಅಂಥ ಕಾರ್ಡಿದ್ದರೆ ಸ್ಲೀವ್ ಎಂಬ ಪ್ಲಾಸ್ಟಿಕ್ ಹೊದಿಕೆ ಹಾಕಿದ್ದರೂ ಅದಿರುವ ಜಾಗದಲ್ಲಿ ಸಣ್ಣ ಸಂದು ಕಾಣುತ್ತದೆ, ಪಂದ್ಯಾವಳಿಯಲ್ಲಾದರೆ ಗುರುತು ಮಾಡಿದ ಕಾರ್ಡೆಂದು ತೀರ್ಪುಗಾರರು ಆಕ್ಷೇಪಿಸಬಹುದು. ಆದ್ದರಿಂದ ಫಾಯಿಲ್‌ಗಳು ಬೈಂಡರಿನ ಒಂಬತ್ತು ಪಾಕೆಟ್ಟಿನ ಪುಟಗಳಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇರುತ್ತವೆ. ಆಟಕ್ಕೆ ಸಾದಾ ಕಾರ್ಡುಗಳು. ಕೂಡಿಸುವವನಿಗೂ ಆಡುವವನಿಗೂ ನಡುವಿನ ರಾಜಿ ಇದು, ಹವಾಮಾನ ಮಾಡಿಸಿಕೊಟ್ಟದ್ದು.

ಆಟದ ಡೆಕ್ ನನಗೆ ನಿಜವಾಗಿ ಕೂಡಿಬಂದದ್ದು 2019ರಲ್ಲಿ. ಆ ವರ್ಷದ ಕೋರ್ ಸೆಟ್ 2020 ಅವಳನ್ನೇ ನಡುವೆ ನಿಲ್ಲಿಸಿ, ಕಿರಿಯ ಶಿಷ್ಯೆಯಿಂದ ಪಳಗಿದ ಮಾಂತ್ರಿಕೆಯವರೆಗೆ ಮೂರು ವಯಸ್ಸಿನ ಚಂದ್ರಾರನ್ನು ಮೂರು ದರ್ಜೆಗಳಲ್ಲಿ ಕೊಟ್ಟಿತು. ಅದೇ ವರ್ಷ ಪಯೋನಿಯರ್ ಎಂಬ ಆಟದ ಬಗೆ ಶುರುವಾಯಿತು, ಅದರಲ್ಲಿ ನನಗೆ ಬೇಕಾದ ಎಲ್ಲರಿಗೂ ಪ್ರವೇಶವಿತ್ತು. ಇತ್ತೀಚಿನವರೆಗಿನ ಪಟ್ಟಿಯಲ್ಲಿ ಚಂದ್ರಾಗಳೆಂದರೆ ಅಕೋಲೈಟ್ ಆಫ್ ಫ್ಲೇಮ್ ನಾಲ್ಕು, 2021ರ ಡ್ರೆಸ್ಡ್ ಟು ಕಿಲ್ ನಾಲ್ಕು, ಟಾರ್ಚ್ ಆಫ್ ಡಿಫೈಯನ್ಸ್ ನಾಲ್ಕು, ಫೈರ್ ಆರ್ಟಿಸನ್ ಮೂರು, ಅವೇಕನ್ಡ್ ಇನ್‌ಫರ್ನೋ ಎರಡು, ಅವರ ನೆರವಿಗೆ ಚಂದ್ರಾಸ್ ರೆಗ್ಯುಲೇಟರ್ ಎರಡು, ಓತ್ ಆಫ್ ಚಂದ್ರಾ ಮೂರು, ಬೆಂಕಿಮಂತ್ರಗಳು ಹದಿನಾಲ್ಕು, ಲ್ಯಾಂಡ್ ಕಾರ್ಡುಗಳಾಗಿ ಬೆಟ್ಟಗಳು ಇಪ್ಪತ್ನಾಲ್ಕು. ಬೆಂಕಿಮಂತ್ರಗಳಲ್ಲಿ ಚಂದ್ರಾಸ್ ಟ್ರಯಂಫ್ ಇರಲೇಬೇಕು: ಎರಡು ಮಾನಾಕ್ಕೆ ಮೂರಂಕಗಳ ಏಟು, ಕಣದಲ್ಲಿ ಚಂದ್ರಾ ಇದ್ದರೆ ಐದು.

ರೆಗ್ಯುಲೇಟರ್ ಈ ಡೆಕ್ಕಿನ ಜೀವಾಳ. ಚಂದ್ರಾಳ ಸಾಮರ್ಥ್ಯವನ್ನು ಬಳಸಿದಾಗಲೆಲ್ಲ ಇನ್ನೊಂದು ಮಾನಾ ತೆತ್ತರೆ ಆ ಸಾಮರ್ಥ್ಯದ ನಕಲು ಸಿಗುತ್ತದೆ. ಲಾಯಲ್ಟಿ ಒಂದೇ ಸಲ ಏರಿಳಿಯುತ್ತದೆ, ಕೆಲಸ ಎರಡು ಸಲ ಆಗುತ್ತದೆ. ಅಕೋಲೈಟ್ ತನ್ನ ಸೊನ್ನೆ ಬೆಲೆಯ ಸಾಮರ್ಥ್ಯದಿಂದ ನಮ್ಮ ಪ್ರತಿ ಕೆಂಪು ಪ್ಲೇನ್ಸ್‌ವಾಕರ್‌ಗೂ ಒಂದು ಲಾಯಲ್ಟಿ ಕೊಡುತ್ತಾಳೆ, ನಕಲಿನೊಂದಿಗೆ ಎರಡು. ಮೂವರು ಚಂದ್ರಾರು ಸಾಲಾಗಿ ನಿಂತು, ಕಿರಿಯವಳು ಹಿರಿಯರಿಗೆ ಹುರುಪು ತುಂಬುವ ಸರದಿ ಬಂದಾಗ ಎದುರಿನ ಸ್ನೇಹಿತ ತಲೆ ಚಚ್ಚಿಕೊಂಡು "ಇನ್ನೂ ಎಷ್ಟು ಜನ ಬರೋರಿದ್ದಾರೆ ಗುರುವೇ?" ಎಂದು ಕೇಳುವುದನ್ನು ಕೇಳಲಿಕ್ಕಾಗಿಯೇ ಈ ಡೆಕ್ ಆಡಬಹುದು. ಫೈರ್ ಆರ್ಟಿಸನ್ ಎಲ್ಲರಿಗಿಂತ ಸೊಗಸಾದ ಕಲ್ಪನೆ: ಅವಳಿಂದ ಎಷ್ಟು ಲಾಯಲ್ಟಿ ಕಳೆಯುತ್ತದೋ ಅಷ್ಟು ಏಟು ಎದುರಾಳಿಗೆ ಬೀಳುತ್ತದೆ. ಹೊಡೆಯಲು ಬಂದವನ ಕೈ ಸುಡುತ್ತದೆ.

ಡೆಕ್ ಎಲ್ಲರೆದುರೂ ಗೆಲ್ಲುವುದಿಲ್ಲ. ನೀಲಿ ಬಣ್ಣದ ನಿಧಾನದ ಡೆಕ್ಕುಗಳೆದುರು ಚೆನ್ನಾಗಿ ನಡೆಯುತ್ತದೆ, ಯಾಕೆಂದರೆ ಅವೇಕನ್ಡ್ ಇನ್‌ಫರ್ನೋವನ್ನು ಮಂತ್ರದಿಂದ ತಡೆಯಲು ಬರುವುದಿಲ್ಲ, ಅವಳು ಎದುರಾಳಿಗೆ ಅಂಟಿಸುವ ಶಾಪ ಅವನ ಪ್ರತಿ ಸರದಿಯ ಆರಂಭದಲ್ಲೂ ಒಂದಂಕ ಕಸಿಯುತ್ತದೆ, ಅದನ್ನು ಕೀಳಲು ಉಪಾಯವೇ ಇಲ್ಲ. ಮೊದಲ ಸರದಿಯಿಂದಲೇ ಸಣ್ಣ ಜೀವಿಗಳನ್ನು ನುಗ್ಗಿಸುವ ಡೆಕ್ಕುಗಳೆದುರು ಮಾತ್ರ ಕೈಕೊಡುತ್ತದೆ. ಅಡ್ಡ ನಿಲ್ಲುವವರು ಯಾರೂ ಇಲ್ಲದ ಕಣಕ್ಕೆ ನಾಲ್ಕನೆಯ ಸರದಿಯಲ್ಲಿ ಬಂದ ಚಂದ್ರಾ ಒಂದೇ ಕೆಲಸ ಮಾಡಿ ಸುಟ್ಟುಹೋಗುತ್ತಾಳೆ. ಜೀವಿಗಳನ್ನು ಸೇರಿಸು ಎಂದು ಎಲ್ಲರೂ ಹೇಳುತ್ತಾರೆ. ಸರಿಯಾದ ಸಲಹೆಯೇ. ಆದರೆ ಚಂದ್ರಾಳಿಗೆ ಸಂಬಂಧವಿಲ್ಲದ ಜೀವಿಗಳನ್ನು ಸೇರಿಸುತ್ತಾ ಹೋದರೆ ಕೊನೆಗೆ ಉಳಿಯುವುದು ಎಲ್ಲರ ಕೈಯಲ್ಲೂ ಇರುವ ಅದೇ ಕೆಂಪು ಡೆಕ್ಕು.

ಡೆಕ್ಕಿಗೊಬ್ಬರು ಮುಖ್ಯಸ್ಥರಿರುವ, ನೂರು ಕಾರ್ಡುಗಳ ಕಮಾಂಡರ್ ಆಟದಲ್ಲಿ ಒರಿಜಿನ್ಸ್‌ನ ಹುಡುಗಿ ಚಂದ್ರಾ, ಅಂದರೆ ಫೈರ್ ಆಫ್ ಕಲಾದೇಶ್, ಜೀವಿಯ ಕಾರ್ಡಾದ್ದರಿಂದ ಮುಖ್ಯಸ್ಥಳಾಗಬಹುದು. ತಲಾ 40 ಪ್ರಾಣಾಂಕವಿರುವ ಮೇಜಿನಲ್ಲಿ ಒಂದೊಂದೇ ಅಂಕ ಸುಡುತ್ತಾ ಕೂರುವ ತಾಳ್ಮೆ ನನಗಿಲ್ಲ. ಪ್ಲೇನ್ಸ್‌ವಾಕರ್‌ಗಳನ್ನೇ ಮುಖ್ಯಸ್ಥರನ್ನಾಗಿಸುವ ಓತ್‌ಬ್ರೇಕರ್ ಎಂಬ ಬಗೆ ಅವಳಿಗೆ ಹೆಚ್ಚು ಹೊಂದುತ್ತದೆ, ಆಡುವವರು ಮಾತ್ರ ಸಿಗುವುದು ಕಷ್ಟ.

2025ರ ಫೆಬ್ರವರಿಯ ಈಥರ್‌ಡ್ರಿಫ್ಟ್ ಸೆಟ್ಟಿನಲ್ಲಿ ಅವಳ ಲೋಕ ಕಲಾದೇಶ್‌ಗೆ ಅವಿಷ್ಕಾರ್ ಎಂಬ ಹೊಸ ಹೆಸರು ಬಂದಿದೆ, ಅವಳೂ ಬದಲಾಗಿದ್ದಾಳೆ. ಸ್ಪಾರ್ಕ್ ಹಂಟರ್ ಎಂಬ ಆ ಕಾರ್ಡಿನಲ್ಲಿ ಚಂದ್ರಾ ಗೆಳತಿ ನಿಸ್ಸಾಳಿಗಾಗಿ ವಾಹನಗಳ ಓಟಕ್ಕೆ ಇಳಿದಿದ್ದಾಳೆ; ಬೆಂಕಿ ಎರಚುವುದಕ್ಕಿಂತ ವಾಹನಗಳನ್ನು ಓಡಿಸುವುದರಲ್ಲೇ ಅವಳ ಗಮನ. ನನ್ನ ಡೆಕ್ಕಿನಲ್ಲಿ ವಾಹನಗಳಿಲ್ಲದ್ದರಿಂದ ಅವಳು ಬೈಂಡರಿಗೆ ಹೋದಳು. ಆದರೆ ಅವಳಿಂದಾಗಿ ವಾಹನಗಳ ಕಡೆ ನೋಡುವಂತಾಯಿತು, ಆಗ ಕಣ್ಣಿಗೆ ಬಿದ್ದದ್ದು 2017ರ ಈಥರ್ ರಿವೋಲ್ಟ್ ಸೆಟ್ಟಿನ ಹಾರ್ಟ್ ಆಫ್ ಕಿರಣ್. ಅವಳ ತಂದೆಯ ಹೆಸರಿನ ಹಾರುವ ಹಡಗು: ಎರಡೇ ಮಾನಾ, ನಾಲ್ಕಂಕ ಹೊಡೆಯುವ, ನಾಲ್ಕಂಕ ತಡೆಯುವ ಬಲ, ದಾಳಿ ಮಾಡಿ ಬಂದ ಮೇಲೂ ಕಾವಲಿಗೆ ನಿಲ್ಲಬಲ್ಲದು. ಅದನ್ನು ನಡೆಸಲು ಮೂರು ಬಲದ ಜೀವಿಗಳು ಬೇಕು, ಇಲ್ಲವೇ ನಮ್ಮ ಪ್ಲೇನ್ಸ್‌ವಾಕರ್ ಒಬ್ಬರಿಂದ ಒಂದು ಲಾಯಲ್ಟಿ ತೆಗೆದರೆ ಸಾಕು. ಆ ಪ್ಲೇನ್ಸ್‌ವಾಕರ್ ಫೈರ್ ಆರ್ಟಿಸನ್ ಆಗಿದ್ದರೆ, ತೆಗೆದ ಒಂದು ಲಾಯಲ್ಟಿಗೆ ಎದುರಾಳಿಗೆ ಒಂದಂಕದ ಏಟೂ ಬೀಳುತ್ತದೆ. ಅಡ್ಡ ನಿಲ್ಲುವವರಿಲ್ಲ ಎಂಬ ದೂರಿಗೆ ಚಂದ್ರಾಳ ಮನೆಯವರಿಂದಲೇ ಉತ್ತರ ಸಿಕ್ಕಿದೆ. ಓತ್ ಆಫ್ ಚಂದ್ರಾ ಮೂರನ್ನೂ ತೆಗೆದು ಆ ಜಾಗಕ್ಕೆ ಮೂರು ಹಡಗುಗಳನ್ನು ಹಾಕುತ್ತಿದ್ದೇನೆ. ಎರಡು ಕೈಯಲ್ಲಿವೆ, ಮೂರನೆಯದರ ಚೌಕಾಶಿ ಇನ್ನೂ ನಡೆಯುತ್ತಿದೆ.